ನಾಲ್ಕು ಡಿಗ್ರಿ

ಬೋಳೂರಿನ ಆ ಐದು ಮಾಳಿಗೆಯ ಕಟ್ಟಡದ ಟೆರೇಸಿನಲ್ಲಿ ನಿಂತರೆ ಮೊದಲು ನದಿ ಕಾಣುತ್ತದೆ. ನದಿಯಾಚೆ ನಮ್ಮ ಬೆಂಗ್ರೆಯ ತೆಂಗಿನ ಸಾಲು, ಅದರಾಚೆ ಸಮುದ್ರ. ಟೆರೇಸಿನ ಮೇಲೆ ಮೂವತ್ತು ಅಡಿಯ ಟವರ್. ಈ ಜೂನ್ ತಿಂಗಳಲ್ಲಿ ಅದರ ತುದಿಗೆ ಫೈವ್ ಜಿ ಪೆಟ್ಟಿಗೆ ಕಟ್ಟಿದ್ದು ನಾನು. ಹಳೆಯ ಆಂಟೆನಾ ಬಿಚ್ಚಿ ಹಗ್ಗದಲ್ಲಿ ಇಳಿಸಿದ್ದೂ ನಾನೇ.

ಎಷ್ಟೆಲ್ಲ ಹೇಳಿದ್ದರು! ಮೊಬೈಲ್ ಕಂಪೆನಿಯ ಕೊಟ್ಟಾರದ ಆಫೀಸಿನಲ್ಲಿ ಟವರ್ ಹತ್ತುವ ನಮ್ಮನ್ನು ಕೂರಿಸಿ ಗೋಡೆಯ ಮೇಲೆ ವಿಡಿಯೋ ತೋರಿಸಿದ್ದರು. ಒಂದು ಊರಿನ ಡಾಕ್ಟರು ಇನ್ನೊಂದು ಊರಿನ ರೋಗಿಗೆ ಆಪರೇಷನ್ ಮಾಡುತ್ತಾನೆ. ಡ್ರೈವರೇ ಇಲ್ಲದ ಬಸ್ಸು ಓಡುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಡೀ ಸಿನಿಮಾ ಫೋನಿಗೆ ಇಳಿಯುತ್ತದೆ. ನೂರು ಪಟ್ಟು ವೇಗವಂತೆ. ನಾನು ಎಲ್ಲವನ್ನೂ ನಂಬಿದೆ. ಟೀ ಜೊತೆ ಕೊಟ್ಟ ಬಿಸ್ಕತ್ತನ್ನೂ ತಿಂದೆ.

ಪೆಟ್ಟಿಗೆ ಕಟ್ಟಿದ ಮೇಲೆ ಟವರಿನ ತುದಿಯಿಂದಲೇ ಒಂಬತ್ತು ಫೋಟೋ ತೆಗೆದು ಕಂಪೆನಿಗೆ ಕಳುಹಿಸಬೇಕು. ಇಲ್ಲದಿದ್ದರೆ ಕೆಲಸ ಆಗಿದೆ ಎಂದು ಲೆಕ್ಕಕ್ಕಿಲ್ಲ. ಆ ಫೋಟೋ ಹೋಗಲಿಲ್ಲ. ಫೈವ್ ಜಿ ಪೆಟ್ಟಿಗೆಗೆ ಬೆನ್ನು ಒರಗಿಸಿ ಕೂತಿದ್ದೇನೆ, ಫೋನಿನ ಮೂಲೆಯಲ್ಲಿ ಫೈವ್ ಜಿ ಎಂದು ದೊಡ್ಡದಾಗಿ ತೋರಿಸುತ್ತಿದೆ, ಆದರೆ ಚಕ್ರ ತಿರುಗುತ್ತಲೇ ಇದೆ. ಕೆಳಗಿನಿಂದ ಸೂಪರ್‌ವೈಸರ್ ಮರ್ವಿನ್ ಕೊಡೆ ಹಿಡಿದು ಕೂಗಿದರು.

"ಕೆಳಗೆ ಬಾ ಮಾರಾಯ! ಎದುರಿನ ಬೇಕರಿಯಲ್ಲಿ ವೈಫೈ ಉಂಟು, ಅಲ್ಲಿಂದ ಕಳಿಸುವ."

ಬೇಕರಿಯಲ್ಲಿ ಬನ್ಸ್ ತಿನ್ನುತ್ತಾ ಫೈವ್ ಜಿ ಫೋಟೋವನ್ನು ವೈಫೈಯಲ್ಲಿ ಕಳುಹಿಸಿದೆವು. ಇಬ್ಬರೂ ನಕ್ಕೆವು. ಅವತ್ತೇ ಅರ್ಥ ಆಗಬೇಕಿತ್ತು.

ನಮ್ಮದು ನಾಡದೋಣಿ. ಅಪ್ಪ ಲೀಲಾಧರ ಅದರ ತಾಂಡೇಲ. ಅಂದರೆ ದೋಣಿ ನಡೆಸುವವರು, ನೀರಿನ ಮೇಲೆ ಅವರ ಮಾತೇ ಕೊನೆ. ಅಣ್ಣ ರಂಜಿತ್ ದೋಣಿಯ ಮೂತಿಯಲ್ಲಿ ಕೂರುವವನು. ಹಿಂದೆ ಇಂಜಿನ್ ಹಿಡಿಯುವವನು ಕಸಬಾ ಬೆಂಗ್ರೆಯ ಯೂಸುಫ್. ಮಳೆಗಾಲದ ಎರಡು ತಿಂಗಳು ದೊಡ್ಡ ಬೋಟುಗಳಿಗೆ ರಜೆ. ಸಮುದ್ರ ನಮ್ಮಂಥ ಸಣ್ಣ ದೋಣಿಗಳದ್ದು, ಎಟ್ಟಿಗೆ, ಅಂದರೆ ಸಿಗಡಿಗೆ, ಬೆಲೆ ಬರುವುದೂ ಆಗಲೇ. ಆದರೆ ಮಳೆ ಹಿಡಿದರೆ ಎದುರಿಗೆ ಹತ್ತು ಮಾರು ದೂರವೂ ಕಾಣುವುದಿಲ್ಲ. ದಡ ಎಷ್ಟು ದೂರ ಇದೆ ಎಂದು ತಿಳಿಯದೆ ಅಳಿವೆ ಬಾಗಿಲಿಗೆ ನುಗ್ಗಿದರೆ ಮುಗಿಯಿತು. ನದಿ ಸಮುದ್ರಕ್ಕೆ ಬೀಳುವ ಆ ಜಾಗದಲ್ಲಿ ಮರಳಿನ ದಿಬ್ಬ, ಎರಡೂ ಬದಿಗೆ ತಡೆಗೋಡೆಯ ಕಲ್ಲು, ನಡುವೆ ಮನೆ ಎತ್ತರಕ್ಕೆ ಏಳುವ ಅಲೆ.

ಅಜ್ಜನ ಕಾಲದವರು ಅದಕ್ಕೆ ಏನೇನೋ ಲೆಕ್ಕ ಇಟ್ಟುಕೊಂಡಿದ್ದರು. ಅಪ್ಪನ ಕಾಲದವರು ಹಿಡಿದದ್ದು ಫೋನಿನ ಲೆಕ್ಕ. ದಿಕ್ಸೂಚಿ ನೋಡಿ ನೇರ ಮೂಡುದಿಕ್ಕಿಗೆ ಬರುತ್ತಿದ್ದರೆ ಒಂದು ಕಡೆ ಫೋನಿಗೆ ಜೀವ ಬರುತ್ತದೆ. ಅಷ್ಟು ಹೊತ್ತು ತಡೆದು ನಿಂತಿದ್ದ ಮಿಸ್ಡ್ ಕಾಲ್, ಮೆಸೇಜು, ರೀಚಾರ್ಜಿನ ಜಾಹೀರಾತು, ಎಲ್ಲವೂ ಒಟ್ಟಿಗೆ ಟಿಣ್ ಟಿಣ್ ಎಂದು ಬೀಳುತ್ತವೆ. "ರೇಂಜ್ ಬಂತು!" ಎಂದು ಮೂತಿಯಲ್ಲಿ ಕೂತವನು ಕೂಗುತ್ತಾನೆ. ಅಲ್ಲಿಂದ ಅಳಿವೆಗೆ ಫುಲ್ ಸ್ಪೀಡಿನಲ್ಲಿ ಮೂವತ್ತೈದು ನಿಮಿಷ. ಇಪ್ಪತ್ತೈದು ಆದ ಕೂಡಲೇ ಇಂಜಿನ್ ನಿಧಾನ ಮಾಡಬೇಕು. ಅಳಿವೆಯ ಹೊರಗೆ ನಿಂತು, ಮೂರು ದೊಡ್ಡ ಅಲೆ ಹೋಗಲು ಬಿಟ್ಟು, ನಡುವಿನ ಸಂದಿನಲ್ಲಿ ಒಳಗೆ ಬರಬೇಕು. ಬೆಂಗ್ರೆಯ ನಲವತ್ತು ದೋಣಿಗೂ ಇದೇ ಲೆಕ್ಕ. ಯಾವ ಪುಸ್ತಕದಲ್ಲಿಯೂ ಬರೆದದ್ದಲ್ಲ. ನಾನೂ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಎರಡು ಮಳೆಗಾಲ ಆ ಮೂತಿಯಲ್ಲಿ ಕೂತು ಹಾಗೆಯೇ ಕೂಗಿದವನು.

ದೋಣಿಯಲ್ಲಿದ್ದ ಜಿಪಿಎಸ್ ಪೆಟ್ಟಿಗೆ ಉಪ್ಪುನೀರು ಕುಡಿದು ಸತ್ತು ವರ್ಷ ಎರಡಾಗಿತ್ತು. ಫೋನ್ ಇದೆಯಲ್ಲ ಎಂದು ಹೊಸದು ತರಲಿಲ್ಲ. ಫೋನಿನಲ್ಲಿ ಮ್ಯಾಪ್ ಇರುತ್ತದಲ್ಲ ಎಂದು ನಂತರ ಪೇಪರಿನವನೊಬ್ಬ ಕೇಳಿದ. ನೆಟ್ ಇಲ್ಲದ ಕಡೆ ಮ್ಯಾಪ್ ತೆರೆದು ನೋಡಲಿ ಅವನು. ಬೂದು ಬಣ್ಣದ ನಡುವೆ ಒಂದು ನೀಲಿ ಚುಕ್ಕೆ, ಅಷ್ಟೆ.

ಪೆಟ್ಟಿಗೆ ಕಟ್ಟಿ ಹತ್ತು ದಿನ ಕಳೆದು ಮಂಗಳವಾರ ಮರ್ವಿನ್ ಪುನಃ ನನ್ನನ್ನು ಬೋಳೂರಿಗೆ ಕರೆದರು. ನದಿ ಬದಿಯಲ್ಲಿ ಹೊಸದಾಗಿ ಎದ್ದ ಫ್ಲ್ಯಾಟಿನವರ ದೂರು. ಫೈವ್ ಜಿ ಎಂದು ಬರೆದು ಬರುತ್ತದೆ, ವಿಡಿಯೋ ಮಾತ್ರ ನಿಂತು ನಿಂತು ಹೋಗುತ್ತದೆ.

"ಆಂಟೆನಾ ತಲೆ ಎತ್ತಿ ನಿಂತಿದೆ ಅಂತೆ. ಸಿಗ್ನಲ್ ಫ್ಲ್ಯಾಟಿನ ತಲೆ ಮೇಲಿಂದ ಹಾರಿ ಸಮುದ್ರಕ್ಕೆ ಹೋಗಿ ವೇಸ್ಟ್ ಆಗ್ತಾ ಉಂಟು. ನಾಲ್ಕು ಡಿಗ್ರಿ ಕೆಳಗೆ ಬಗ್ಗಿಸು," ಎಂದರು ಮರ್ವಿನ್.

"ಸರ್, ಆ ಕಡೆ ದೋಣಿಯವರಿಗೆ ರೇಂಜ್ ಸಿಗುವುದು ಇದೇ ಟವರಿಂದ ಅಲ್ವಾ?"

ನಾನು ಕೇಳಿದೆ. ಕೇಳಲಿಲ್ಲ ಎಂದು ಯಾರೂ ಹೇಳಬಾರದು.

ಮರ್ವಿನ್ ಎಂಜಿನಿಯರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆ ಮನುಷ್ಯ ಎಲ್ಲಿ ಕೂತು ಮಾತಾಡುತ್ತಿದ್ದನೋ, ಹಿಂದೆ ಏಸಿಯ ಸದ್ದು ಕೇಳುತ್ತಿತ್ತು. "ಸಮುದ್ರದಲ್ಲಿ ಕಸ್ಟಮರ್ ಇಲ್ಲ," ಎಂದ. ಆಮೇಲೆ ಸಮಾಧಾನಕ್ಕೆ ಎಂಬಂತೆ, "ಹೊಸ ಆಂಟೆನಾ ಪವರ್‌ಫುಲ್, ಹಳೆಯದಕ್ಕಿಂತ ದೂರ ಹೋಗುತ್ತದೆ, ಏನೂ ಆಗುವುದಿಲ್ಲ," ಎಂದ.

ನಾನು ಹತ್ತಿ ಬೋಲ್ಟ್ ಸಡಿಲ ಮಾಡಿದೆ. ಮಟ್ಟ ನೋಡುವ ಮೀಟರ್ ಇಟ್ಟು ನಾಲ್ಕು ಡಿಗ್ರಿ ಬಗ್ಗಿಸಿ ಬಿಗಿದೆ. ಅಷ್ಟೇ ಕೆಲಸ. ನಾಲ್ಕು ಡಿಗ್ರಿ ಅಂದರೆ ಕಣ್ಣಿಗೆ ಏನೂ ಅಲ್ಲ, ಯಾರೋ ದೊಡ್ಡವರ ಮುಂದೆ ತಲೆ ಸ್ವಲ್ಪ ತಗ್ಗಿಸಿದ ಹಾಗೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ.

"ಅಪ್ಪ, ಇನ್ನು ಫೈವ್ ಜಿ. ಮೊದಲಿಗಿಂತ ಇನ್ನೂ ಹೊರಗೆ ರೇಂಜ್ ಸಿಗ್ತದೆ ನೋಡಿ."

ರಂಜಿತಣ್ಣ ಮೀನಿನ ಮುಳ್ಳು ತೆಗೆಯುತ್ತಾ ನಕ್ಕ. "ಹೌದಾ? ಹಾಗಾದ್ರೆ ಎಟ್ಟಿಗೆ ಮೆಸೇಜು ಹಾಕಿ ಬಲೆಗೆ ಬರ್ಲಿಕ್ಕೆ ಹೇಳುವ."

"ನಗಾಡು ನೀನು. ಸಿಗ್ತದೆ, ನೋಡು."

"ನಗಾಡ್ಬೇಡ ಮಾರಾಯ," ಅಪ್ಪ ಅವನಿಗೆ ಹೇಳಿದರು. "ಅವನು ಅದರಲ್ಲೇ ಕೆಲಸ ಮಾಡುವವ. ಎಷ್ಟು ಹೊರಗೆ, ಮಗಾ? ನಾನು ನಿಮಿಷ ಲೆಕ್ಕ ಹಾಕ್ಲಿಕ್ಕುಂಟಲ್ಲ."

"ಮೂವತ್ತೈದಲ್ಲ, ನಲವತ್ತೈದು ಇಟ್ಕೊಳ್ಳಿ," ಎಂದೆ. ಎಂಜಿನಿಯರ್ ಹೇಳಿದ್ದು ಬರೀ ದೂರ ಎಂದು. ನಲವತ್ತೈದು ನನ್ನದು. ಶಾಲೆ ಬಿಟ್ಟವ ಎಂದು ಎಲ್ಲರಿಂದ ಹೇಳಿಸಿಕೊಂಡವನಿಗೆ ಅಪ್ಪ ಏನಾದರೂ ಕೇಳಿದ್ದು ಅದೇ ಮೊದಲು.

ಅಮ್ಮ ವಾರಿಜಾಕ್ಷಿ ಸಾರು ಬಡಿಸುತ್ತಾ, "ನಂಗೆ ಬೇಗ ಗೊತ್ತಾದ್ರೆ ಒಳ್ಳೇದೇ," ಎಂದಳು. ದೋಣಿಯಿಂದ ಫೋನ್ ಬಂದ ಮೇಲೆಯೇ ಅವಳು ಬುಟ್ಟಿ ಹಿಡಿದು ದೋಣಿ ಕಟ್ಟುವ ದಕ್ಕೆಗೆ ಹೋಗುವುದು. ಅಲ್ಲಿಂದ ಫಳ್ನೀರಿನ ಓಣಿಗಳಿಗೆ ಮೀನು ಹೊರುವುದು ಅವಳ ಪಾಲು.

ಬುಧವಾರ, ಗುರುವಾರ ಸಮುದ್ರಕ್ಕೆ ಇಳಿಯಬಾರದು ಎಂದು ಎಚ್ಚರಿಕೆ ಇತ್ತು. ಶುಕ್ರವಾರ ನಸುಕಿಗೆ ದೋಣಿಗಳು ಹೊರಟವು. ಹತ್ತಿರದಲ್ಲಿ ಬಲೆ ಬಿಟ್ಟವರು ಬಿಸಿಲು ಇರುವಾಗಲೇ ದಡ ನೋಡಿಕೊಂಡು ವಾಪಸು ಬಂದರು. ಫೋನಿನ ಕಡೆ ಯಾರೂ ನೋಡಲಿಲ್ಲ. ದೂರ ಹೋದದ್ದು ಅಪ್ಪನ ದೋಣಿ ಮಾತ್ರ. ಬೆಳಿಗ್ಗೆ ಎಂಟು ಗಂಟೆಗೆ ಮಳೆ ಹಿಡಿಯಿತು. ಎಂಥ ಮಳೆ ಎಂದರೆ, ಕೊಟ್ಟಾರದಲ್ಲಿ ಹೈವೇಯ ಮೇಲೆ ಬಸ್ಸುಗಳು ಲೈಟು ಹಾಕಿ ನಿಂತುಬಿಟ್ಟವು. ನಾನು ಅಲ್ಲೇ ಒಂದು ಕಟ್ಟಡದಲ್ಲಿ ಕೇಬಲ್ ಎಳೆಯುತ್ತಿದ್ದೆ. ಎಂಟು ಮುಕ್ಕಾಲಿಗೆ ಅಮ್ಮನ ಫೋನ್.

"ಅಪ್ಪ ಫೋನ್ ಮಾಡಿದ್ರಾ ನಿಂಗೆ?"

"ಇಲ್ಲ. ನಿಂಗೆ ಮಾಡ್ಲಿಲ್ವಾ?"

"ಇಲ್ಲ ಮಗಾ. ಎಂಟು ಗಂಟೆಗೆ ಫೋನ್ ಬರ್ಬೇಕಿತ್ತು. ನೀನು ರೇಂಜ್ ಬೇಗ ಸಿಗ್ತದೆ ಅಂತ ಹೇಳಿದ್ದಿ."

ಅಣ್ಣನಿಗೆ ಕಾಲ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ರೆಕಾರ್ಡಿಂಗಿನ ಆ ಹೆಂಗಸು ಹೇಳಿದಳು. ಹತ್ತು ಸಲ ಮಾಡಿದೆ, ಹತ್ತು ಸಲವೂ ಅದೇ ಮಾತು, ಅದೇ ನಯ. ಆಗ ಹೊಳೆಯಿತು. ನಾಲ್ಕು ಡಿಗ್ರಿ. ಸಮುದ್ರದಲ್ಲಿ ಕಸ್ಟಮರ್ ಇಲ್ಲ.

ಮರ್ವಿನ್‌ಗೆ ಫೋನ್ ಮಾಡಿದೆ. "ಸರ್, ಬೋಳೂರಿನ ಆಂಟೆನಾ ಪುನಃ ಎತ್ಬೇಕು. ಈಗಲೇ. ನಮ್ಮ ದೋಣಿ ಹೊರಗುಂಟು."

"ನಿಂಗೆ ಮರ್ಲಾ? ಈ ಗುಡುಗು ಮಳೆಯಲ್ಲಿ ಟವರ್ ಹತ್ತಿ ನೀನು ಸತ್ರೆ ನನ್ನ ತಲೆಗೆ ಬರ್ತದೆ. ಪರ್ಮಿಷನ್ ಇಲ್ಲ. ಕೋಸ್ಟ್ ಗಾರ್ಡಿಗೆ ಹೇಳು."

ಅವರಿಗೂ ಹೇಳಿದೆ. ಮಳೆ ಕಡಿಮೆಯಾಗಲಿ ಎಂದರು. ಸ್ಕೂಟರ್ ಹತ್ತಿ ಲೇಡಿಹಿಲ್ ದಾಟಿ ಬೋಳೂರಿಗೆ ಬಂದೆ. ವಾಚ್‌ಮನ್‌ಗೆ ನನ್ನ ಮುಖ ಪರಿಚಯ, ಕೀ ಕೊಟ್ಟ. ಬೆಲ್ಟ್ ಹಾಕಿದೆನೋ ಇಲ್ಲವೋ ನೆನಪಿಲ್ಲ. ಕಬ್ಬಿಣ ಜಾರುತ್ತಿತ್ತು, ಕಣ್ಣಿಗೆ ನೀರು ಹೊಡೆಯುತ್ತಿತ್ತು, ನದಿಯೂ ಕಾಣಲಿಲ್ಲ ಬೆಂಗ್ರೆಯೂ ಕಾಣಲಿಲ್ಲ. ಬೋಲ್ಟ್ ಸಡಿಲಿಸಿ ಆ ಪೆಟ್ಟಿಗೆಯ ತಲೆಯನ್ನು ಭುಜ ಕೊಟ್ಟು ಮೇಲಕ್ಕೆ ದೂಡಿದೆ. ಮೀಟರ್ ಇಡಲಿಲ್ಲ. ನಾಲ್ಕಲ್ಲ, ಆರು ಡಿಗ್ರಿಯೇ ಎತ್ತಿದೆನೋ ಏನೋ. ಬಿಗಿದು, ಕಂಬಕ್ಕೆ ಒರಗಿ ಉಸಿರು ಬಿಟ್ಟೆ.

ಎರಡು ನಿಮಿಷ ಆಗಿರಲಿಲ್ಲ, ಜೇಬಿನಲ್ಲಿ ಫೋನ್ ಹೊಡೆಯಿತು. ಅಣ್ಣ. ಒಂಬತ್ತು ಇಪ್ಪತ್ತು.

"ಹೋಯ್! ರೇಂಜ್ ಬಂತು ಮಾರಾಯ!" ಇಂಜಿನ್ ಸದ್ದಿನ ಮೇಲೆ ಕಿರುಚುತ್ತಿದ್ದ. "ಎಂತ ನಿನ್ನ ಫೈವ್ ಜಿ? ಎಷ್ಟು ಹೊತ್ತಿಂದ ಕಾಯ್ತಾ ಇದ್ದೇವೆ, ಹಾಳಾದ್ದು ಈಗ ಬಂತು! ಅಮ್ಮನಿಗೆ ಹೇಳು, ಒಳ್ಳೆ ಎಟ್ಟಿ ಉಂಟು. ದೊಡ್ಡ ಬುಟ್ಟಿ ತರ್ಲಿಕ್ಕೆ ಹೇಳು."

"ಅಣ್ಣ, ಎಲ್ಲಿದ್ದೀರಿ?"

"ಯಾರಿಗೆ ಗೊತ್ತು, ಎಂತ ಕಾಣುವುದಿಲ್ಲ. ಇನ್ನು ಮುಕ್ಕಾಲು ಗಂಟೆ ಉಂಟಲ್ಲ, ಬರ್ತೇವೆ."

"ಬನ್ನಿ," ಎಂದೆ ನಾನು. "ಬನ್ನಿ, ಬನ್ನಿ."

ಫೋನ್ ಕಟ್ ಆಯಿತು. ನಾನು ಆ ಮಳೆಯಲ್ಲಿ ಕೂತು ಹುಚ್ಚನ ಹಾಗೆ ನಕ್ಕೆ. ಅಮ್ಮನಿಗೆ ಹೇಳಿದೆ, ಅವಳು ಅಳಲು ಶುರು ಮಾಡಿದಳು. ಸ್ಪ್ಯಾನರ್ ಒರೆಸಿ ಚೀಲಕ್ಕೆ ಹಾಕಿದೆ, ಹಗ್ಗ ಸುತ್ತಲು ಶುರು ಮಾಡಿದೆ. ಮರ್ವಿನ್‌ಗೆ, ಆ ಏಸಿಯ ಎಂಜಿನಿಯರಿಗೆ ಏನೇನು ಬೈಯಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಹಗ್ಗದ ನಾಲ್ಕನೆಯ ಸುತ್ತೋ ಐದನೆಯದೋ ಇರಬೇಕು. ಕೈ ನಿಂತಿತು.

ಅವರು ರೇಂಜಿನ ಜಾಗಕ್ಕೆ ಬಂದದ್ದಲ್ಲ. ನಾನು ರೇಂಜನ್ನು ಅವರಿದ್ದಲ್ಲಿಗೆ ಕಳುಹಿಸಿದ್ದು.

ಎಂಟು ಗಂಟೆಯಿಂದ ದಡದ ಕಡೆಗೇ ಬರುತ್ತಿದ್ದವರು. ಒಂದು ಗಂಟೆಗೂ ಮೇಲಾಯಿತು. ಅವರು ದೂರ ಎಲ್ಲಿರುತ್ತಾರೆ? ಅಳಿವೆಯ ಬುಡದಲ್ಲಿಯೇ ಇರಬೇಕು. ಅಪ್ಪ ಈಗ ನಿಮಿಷ ಎಣಿಸುತ್ತಿದ್ದಾರೆ. ನಲವತ್ತೈದು ಎಂದು ನಾನು ಹೇಳಿದ್ದೇನೆ. ಯೂಸುಫ್ ಫುಲ್ ಸ್ಪೀಡ್ ಕೊಟ್ಟಿರುತ್ತಾನೆ.

ಅಣ್ಣನಿಗೆ ಕಾಲ್ ಮಾಡಿದೆ. ರಿಂಗ್ ಹೋಯಿತು. ಅಷ್ಟು ಚೊಕ್ಕ ರಿಂಗ್ ನಾನು ಯಾವತ್ತೂ ಕೇಳಿಲ್ಲ. ಇಡೀ ರಿಂಗ್ ಆಗಿ ನಿಂತಿತು. ಪುನಃ ಮಾಡಿದೆ. ಪುನಃ ರಿಂಗ್. ಫೋನಿನ ಮೂಲೆಯಲ್ಲಿ ಎಲ್ಲ ಕಡ್ಡಿಗಳೂ ನೆಟ್ಟಗೆ ನಿಂತಿದ್ದವು. ನಾಲ್ಕನೆಯ ಸಲ ರಿಂಗ್ ಆಗಲಿಲ್ಲ. ಆ ಹೆಂಗಸು ಬಂದಳು.

ಅಪ್ಪ ಮತ್ತು ಯೂಸುಫ್ ಬೆಂಗ್ರೆಯ ಬದಿಯ ಮರಳಿಗೆ ಬಂದು ಬಿದ್ದರು. ಅಪ್ಪನ ಬಲಗೈ ಮುರಿದಿತ್ತು. ಮೂತಿಯಲ್ಲಿದ್ದ ಅಣ್ಣನನ್ನು ಅಲೆ ಮೊದಲು ಎತ್ತಿ ತಡೆಗೋಡೆಯ ಕಲ್ಲಿಗೆ ಹೊಡೆಯಿತು, ಮೇಲಿಂದ ದೋಣಿ. ಎರಡು ದಿನ ಬಿಟ್ಟು ಉಳ್ಳಾಲದ ಕಡೆ ಸಿಕ್ಕಿದ. ಕೊರಳಲ್ಲಿ ಪ್ಲಾಸ್ಟಿಕ್ ಚೀಲ ಹಾಗೆಯೇ ಇತ್ತು, ಅದರೊಳಗೆ ಫೋನ್.

ಆಸ್ಪತ್ರೆಯಲ್ಲಿ ಅಪ್ಪ ಎಲ್ಲರಿಗೂ ಒಂದೇ ಕಥೆ ಹೇಳಿದರು. "ರೇಂಜ್ ಬರ್ಲಿಲ್ಲ. ನದಿ ನೀರು ನಮ್ಮನ್ನು ಹೊರಗೆ ತಳ್ಳಿದೆ ಅಂತ ಗ್ರಹಿಸಿದೆವು, ಆದ್ರೂ ಎಂತ ಕಾಣದೆ ನಿಧಾನ ಬಂದೆವು. ಮತ್ತೆ ಬಂತು. ಮೂವತ್ತೈದಾದ್ರೂ ಉಂಟಲ್ಲ ಅಂತ ಫುಲ್ ಸ್ಪೀಡ್ ಬಿಟ್ಟದ್ದು. ಎಂಟೋ ಒಂಬತ್ತೋ ನಿಮಿಷ ಆಗಿತ್ತು, ಅಳಿವೆಯೇ ಬಂತು. ಎಲ್ಲಿ ತಪ್ಪಿತು ಅಂತ ಗೊತ್ತಾಗುವುದಿಲ್ಲ. ನಂಗೆ ಪ್ರಾಯ ಆಯ್ತು."

ಯೂಸುಫ್ ನನ್ನನ್ನು ಹೊರಗೆ ಕರೆದು ಹೇಳಿದ, "ಕೊನೆಗೆ ಫೋನ್ ಹೊಡೀತಾ ಇತ್ತು, ಕಮಲೇಶ. ಅಮ್ಮ ಮೀನಿನ ಲೆಕ್ಕ ಕೇಳ್ಲಿಕ್ಕೆ ಮಾಡುವುದು, ದಡ ಮುಟ್ಟಿ ಮಾತಾಡುವ ಅಂತ ಹೇಳಿದ ರಂಜಿತ."

ನಾನು ಬಾಯಿ ಬಿಡಲಿಲ್ಲ. ಹದಿಮೂರು ದಿನ ಬಿಡಲಿಲ್ಲ. ಅಪ್ಪ ತನ್ನ ಪ್ರಾಯವನ್ನು ಬೈದುಕೊಳ್ಳುತ್ತಾ ಮುರಿದ ಕೈ ಎದೆಗೆ ಕಟ್ಟಿ ಜಗಲಿಯಲ್ಲಿ ಕೂತಿರುತ್ತಿದ್ದರು, ನಾನು ಬಂದವರಿಗೆ ಕುರ್ಚಿ ಹಾಕುತ್ತಿದ್ದೆ. ಸೂತಕಕ್ಕೆ ಬೆಂಗ್ರೆಯ ದೋಣಿಗಳೂ ಇಳಿಯಲಿಲ್ಲ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದು ಎಲೆ ಎತ್ತಿದ ಮರುದಿನ ಬೆಳಿಗ್ಗೆ ಮರ್ವಿನ್ ಫೋನ್ ಮಾಡಿದರು.

"ಬೇಸರ ಮಾಡ್ಬೇಡ ಮಾರಾಯ, ಈಗ ಕೇಳ್ಬಾರ್ದು. ಬೋಳೂರಿನ ಆಂಟೆನಾ ಎತ್ತಿದ್ದು ನೀನಾ?"

"ಹೌದು."

"ಅದನ್ನು ಬೇರೆ ಯಾರ ಹತ್ರವೂ ಹೇಳ್ಬೇಡ. ಫ್ಲ್ಯಾಟಿನವರು ಪುನಃ ಗಲಾಟೆ ಮಾಡಿದ್ರು. ನಿನ್ನೆ ಬೇರೆಯವನನ್ನು ಕಳಿಸಿ ಸರಿ ಮಾಡ್ಸಿದೆ. ಆಯ್ತು, ಮುಗೀತು."

"ಸರಿ ಮಾಡ್ಸಿದ್ದು ಅಂದ್ರೆ ಎಂತ? ಪುನಃ ಇಳಿಸಿದ್ರಾ?"

"ಹೌದು."

"ಬೆಂಗ್ರೆಯಲ್ಲಿ ಯಾರಿಗಾದ್ರೂ ಹೇಳಿದ್ರಾ? ನಾಳೆ ದೋಣಿ ಇಳಿಯುತ್ತದೆ ಸರ್. ನಲವತ್ತು ದೋಣಿ ಆ ರೇಂಜ್ ನೋಡಿ ನಿಮಿಷ ಎಣಿಸ್ತದೆ."

"ಯಾರಿಗೆ ಹೇಳುವುದು? ನಮ್ಮ ಲಿಸ್ಟಲ್ಲಿ ಸಮುದ್ರ ಅಂತ ಏರಿಯಾನೇ ಇಲ್ಲ," ಎಂದರು. ಆಮೇಲೆ, "ನಿನ್ನ ಐಡಿ ಕಾರ್ಡ್ ಆಫೀಸಿಗೆ ಕೊಟ್ಟು ಹೋಗು. ಮೇಲಿನವರು ಹೇಳಿದ್ದು," ಎಂದರು. ಅವರ ಸ್ವರ ನಡುಗುತ್ತಿತ್ತು. ಅದನ್ನು ಕೇಳಿ ನನಗೆ ಕರುಣೆ ಬರಲಿಲ್ಲ, ಈಗಲೂ ಬರುವುದಿಲ್ಲ.

ಜಗಲಿಗೆ ಹೋಗಿ ಅಪ್ಪನ ಎದುರು ನೆಲದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮಂಗಳವಾರ ಬಗ್ಗಿಸಿದ್ದು, ಶುಕ್ರವಾರ ಎತ್ತಿದ್ದು, ನಲವತ್ತೈದು ಎಂದು ನನ್ನ ಬಾಯಿಂದ ಹುಟ್ಟಿಸಿದ್ದು. ಬನ್ನಿ ಎಂದದ್ದು. ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅವನು ಕೊನೆಗೆ ಮಾತಾಡಿದ್ದು ನಿನ್ನ ಹತ್ರ," ಎಂದಳು. ಬೈದದ್ದಲ್ಲ. ಹೇಳಿ ಒಳಗೆ ಹೋದಳು. ಅದರ ನಂತರ ಅವಳು ನನಗೆ ಅನ್ನ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಅಪ್ಪ ಎದ್ದು ಒಂದೇ ಕೈಯಲ್ಲಿ ಅಂಗಿ ಹೆಗಲಿಗೆ ಹಾಕಿಕೊಂಡರು. "ನಡಿ," ಎಂದರು.

"ಎಲ್ಲಿಗೆ?"

"ನಂಗೆ ಹೇಳಿದ್ದನ್ನು ಅವರಿಗೂ ಹೇಳು."

ಕಡಲ ಬದಿಯ ಬಲೆ ಶೆಡ್ಡಿನಲ್ಲಿ ಹದಿನೈದು ಇಪ್ಪತ್ತು ತಾಂಡೇಲರು ಮರುದಿನಕ್ಕೆ ಬಲೆ ಸರಿ ಮಾಡುತ್ತಿದ್ದರು. ಅಪ್ಪನನ್ನು ನೋಡಿ ಎದ್ದು ನಿಂತರು. ನಾನು ಮತ್ತೊಮ್ಮೆ ಎಲ್ಲವನ್ನೂ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯೂಸುಫ್ ಒಂದು ಮೂಲೆಯಲ್ಲಿದ್ದ. ಕೊನೆಗೆ ಫೋನ್ ಹೊಡೆದದ್ದು ಅವರನ್ನು ತಡೆಯಲು ಎಂದು ತಿಳಿದ ಕೂಡಲೇ ಅವನು ಬಲೆ ಕೆಳಗಿಟ್ಟು ಹೊರಗೆ ಹೋದ.

"ಹಾಗಾದ್ರೆ ಈಗ ರೇಂಜಿಂದ ಅಳಿವೆಗೆ ಎಷ್ಟು ನಿಮಿಷ? ಎಂಟಾ?" ಒಬ್ಬರು ಕೇಳಿದರು.

"ಲೆಕ್ಕ ಇಡ್ಬೇಡಿ. ಅದನ್ನು ಇನ್ನು ನಂಬ್ಲೇಬೇಡಿ. ನಾಳೆ ಪುನಃ ಎತ್ತಬಹುದು, ನಾಡಿದ್ದು ಇಳಿಸಬಹುದು. ನಮಗೆ ಹೇಳಿ ಮಾಡುವುದಿಲ್ಲ ಅವರು."

"ನೀನು ಹೇಳಿ ಮಾಡಿದ್ಯಾ?"

ಯಾರೋ ಹೊರಗೆ ಮರಳಿಗೆ ಉಗುಳಿದರು.

"ಮೊದಲಿನವರು ಎಂತ ಮಾಡ್ತಿದ್ರು? ಮಳೆಯಲ್ಲಿ?" ಇನ್ನೊಬ್ಬರು ಕೇಳಿದರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹೆಚ್ಚಿನವರು ಫೋನ್ ಬಂದ ಮೇಲೆ ತಾಂಡೇಲರಾದವರು. ನೂಲಿಗೆ ಸೀಸದ ಗುಂಡು ಕಟ್ಟಿ ಆಳ ನೋಡುತ್ತಿದ್ದರು ಎಂದು ಒಬ್ಬರು. ಗುಂಡಿಗೆ ಅಂಟಿದ ಮಣ್ಣು ನೋಡುತ್ತಿದ್ದರು ಎಂದು ಇನ್ನೊಬ್ಬರು. ಯಾವ ಮಣ್ಣಿಗೆ ಎಷ್ಟು ದೂರ ಎಂದು ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಿದ್ದ ಕೊನೆಯವರು ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು.

ಅಪ್ಪ ಬಲೆಯ ರಾಶಿಯ ಮೇಲೆ ಕೂತರು. "ನಾಳೆ ಮಳೆ ಇದ್ರೆ ಯಾರೂ ಇಳಿಯುವುದು ಬೇಡ," ಎಂದರು.

"ನಾಳೆ ಸರಿ, ಲೀಲಣ್ಣ. ಎಷ್ಟು ದಿನ ಹೀಗೆ? ಮಳೆಗಾಲ ಇನ್ನೂ ಎರಡು ತಿಂಗಳು ಉಂಟು."

ಅಪ್ಪ ಬಲೆಯ ಅಂಚನ್ನು ಎಡಗೈಯಲ್ಲಿ ಎಳೆದುಕೊಂಡರು. ನನ್ನ ಕಡೆ ನೋಡಲಿಲ್ಲ. ಯಾರೋ ಸರಿದು ಜಾಗ ಕೊಟ್ಟರು, ಕುಳಿತುಕೋ ಎನ್ನಲಿಲ್ಲ. ನಾನು ಕೂತೆ. ಯೂಸುಫ್ ಬಿಟ್ಟು ಹೋದ ಬಲೆಯ ಹರಕಲನ್ನು ಎಳೆದುಕೊಂಡು ಹೊಲಿಯಲು ಶುರು ಮಾಡಿದೆ.